ಪುಕ್ಕಟೆ ಬರಹದ ಬೆಲೆ

ಕನ್ನಡದಲ್ಲಿ ಬರೆದು ಹೊಟ್ಟೆ ಹೊರೆಯುವುದು ಕಷ್ಟ ಎಂಬುದು ಹಳೆಯ ಮಾತು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಲೇಖನಿಯನ್ನೇ ನಂಬಿದ ಅ.ನ.ಕೃ. ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಉಳಿದವರಲ್ಲಿ ಬಹುಮಂದಿ ಮೇಷ್ಟರಾಗಿಯೋ ಅಧಿಕಾರಿಯಾಗಿಯೋ ಸಂಬಳ ಪಡೆದು, ಬಿಡುವಿನಲ್ಲಿ ಬರೆದರು. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಕುಳಿತು ಕನ್ನಡ ಬರೆಯುವ ನಾವೂ ಅದೇ ದಾರಿಯವರು. ಐ.ಟಿ., ಆಸ್ಪತ್ರೆ, ಬ್ಯಾಂಕು ಅನ್ನ ಕೊಡುತ್ತವೆ. ಕನ್ನಡಕ್ಕೆ ಶನಿವಾರ, ಭಾನುವಾರ.

ಇಲ್ಲಿನ ಇಂಗ್ಲಿಷ್ ಲೇಖಕರೇನೂ ಹಾಯಾಗಿಲ್ಲ. ಸಿಡ್ನಿಯ ಮಕ್ವಾರಿ ವಿಶ್ವವಿದ್ಯಾಲಯದ 2022ರ ಸಮೀಕ್ಷೆಯಂತೆ ಆಸ್ಟ್ರೇಲಿಯಾದ ಲೇಖಕರಿಗೆ ಬರವಣಿಗೆಯಿಂದ ಬರುವ ಸರಾಸರಿ ವರಮಾನ ವರ್ಷಕ್ಕೆ 18,200 ಡಾಲರ್. ಅದು ಮನೆ ಬಾಡಿಗೆಗೂ ಸಾಲದು. 2023ರಲ್ಲಿ ಮೈಲ್ಸ್ ಫ್ರ್ಯಾಂಕ್ಲಿನ್ ಪ್ರಶಸ್ತಿ ಪಡೆದ ಸಿಡ್ನಿಯ ಶಂಕರಿ ಚಂದ್ರನ್ ವಕೀಲರು; 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ನಮ್ಮ ಬಾನು ಮುಷ್ತಾಕ್ ಕೂಡ ವಕೀಲರೇ. (ಮಗಳು ಸಾಹಿತಿಯಾಗಬೇಕೆಂದರೆ ಮೊದಲು ಲಾ ಕಾಲೇಜಿಗೆ ಸೇರಿಸಿ!)

ಆದರೆ ಇಲ್ಲಿ ದುಡ್ಡು ಕೇಳುವುದು ನಾಚಿಕೆಯ ಸಂಗತಿಯಲ್ಲ. ಆಸ್ಟ್ರೇಲಿಯನ್ ಸೊಸೈಟಿ ಆಫ್ ಆಥರ್ಸ್ ಬರಹಗಾರರ ಕೆಲಸಕ್ಕೆ ಕನಿಷ್ಠ ಇಷ್ಟು ಕೊಡಬೇಕೆಂದು ದರ ಪ್ರಕಟಿಸುತ್ತದೆ. ಗ್ರಂಥಾಲಯದಿಂದ ಪುಸ್ತಕ ಒಯ್ದವನು ಕೊಳ್ಳುವುದಿಲ್ಲವಲ್ಲ ಎಂದು ಸರ್ಕಾರ 1970ರ ದಶಕದಿಂದಲೂ ಲೇಖಕರಿಗೆ ಪರಿಹಾರ ಕೊಡುತ್ತಿದೆ. ಅದಕ್ಕೆ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕನಿಷ್ಠ 50 ಪ್ರತಿಗಳಿರಬೇಕು. ನಮ್ಮ ಕನ್ನಡ ಪುಸ್ತಕಕ್ಕೆ ಆ ಯೋಗ ಎಲ್ಲಿಂದ ಬರಬೇಕು? ನಮ್ಮ ಹಬ್ಬದ ಕಾರ್ಯಕ್ರಮಗಳಲ್ಲಿ ಹಾಲ್‌ಗೆ, ಮೈಕಿಗೆ, ಅಡುಗೆಯವರಿಗೆ, ಸ್ಮರಣ ಸಂಚಿಕೆಯ ಮುದ್ರಕರಿಗೆ ಹಣ ಸಲ್ಲುತ್ತದೆ. ಸಂಚಿಕೆ ತುಂಬಿಸಿದವರಿಗೆ ಶಾಲು. ಸಂಭಾವನೆ ಕೇಳಿದರೆ, ‘ನಿಮಗೇನು ಕಡಿಮೆಯಾಗಿದೆ ಸಾರ್?’ ಅನ್ನುತ್ತಾರೆ.

ನಿಜ, ಕಡಿಮೆಯಾಗಿಲ್ಲ. ತೊಡಕಿರುವುದೇ ಅಲ್ಲಿ. 2019ರಲ್ಲಿ ಮ್ಯಾಕ್ಸೀನ್ ಬೆನೆಬಾ ಕ್ಲಾರ್ಕ್ ಸಂಪಾದಿಸಿದ ‘ಗ್ರೋಯಿಂಗ್ ಅಪ್ ಆಫ್ರಿಕನ್ ಇನ್ ಆಸ್ಟ್ರೇಲಿಯಾ’ ಎಂಬ ಸಂಕಲನ ಬಂತು. ಈ ದೇಶದಲ್ಲಿ ಆಫ್ರಿಕಾ ಮೂಲದವರಾಗಿ ಬೆಳೆದವರ ಬರಹಗಳು. ಸೂಡಾನ್, ಸೊಮಾಲಿಯಾಗಳಿಂದ ಬಂದ ಅನೇಕ ಕುಟುಂಬಗಳು ನಮ್ಮ ಹಾಗೆ ಸ್ಕಿಲ್ಡ್ ವೀಸಾ ಹಿಡಿದು ಬಂದವಲ್ಲ, ನಿರಾಶ್ರಿತರಾಗಿ ಬಂದವು. ಅಂಥ ಮನೆಯ ಹುಡುಗಿಗೆ ‘ದುಡ್ಡಿಲ್ಲ, ಹೆಸರು ಬರುತ್ತದೆ, ಬರೆದುಕೊಡು’ ಎಂದರೆ ಒಂದು ದಿನದ ಕೂಲಿ ಬಿಡು ಎಂದ ಹಾಗೆ. ಸಂಭಾವನೆಯಿಲ್ಲದ ಕಡೆ ಯಾರ ಕಥೆ ಉಳಿಯುತ್ತದೆ? ಕೂಲಿ ಬಿಡಬಲ್ಲವರದು.

ಇಂಗ್ಲಿಷ್ ಬಿಟ್ಟು ತಾಯ್ನುಡಿ ಗಿಕುಯುವಿಗೆ ಮರಳಿದ ಕೀನ್ಯಾದ ಗೂಗಿ ವಾ ಥಿಯಾಂಗೊ ಅವರನ್ನು ನಾವು ಭಾಷಣಗಳಲ್ಲಿ ನೆನೆಯುತ್ತೇವೆ. ಅವರು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪ್ರೊಫೆಸರಾಗಿದ್ದುದನ್ನು ಮಾತ್ರ ಹೇಳುವುದಿಲ್ಲ.

ಪುಕ್ಕಟೆ ಬರೆಯುವುದಾದರೂ ಇರಲಿ, ನಮ್ಮಲ್ಲಿ ಕೆಲವರು ಕೈಯಿಂದ ಕೊಟ್ಟು ಅಚ್ಚು ಹಾಕಿಸುತ್ತಾರೆ. ಬೆಂಗಳೂರಿನ ಪ್ರಕಾಶಕರು ಮುದ್ರಣದ ಖರ್ಚು ಕೇಳಿದರೆ ಡಾಲರಿನಲ್ಲಿ ಲೆಕ್ಕ ಹಾಕಿ, ‘ಊರಿಗೆ ಹೋಗಿಬರುವ ಒಂದು ಟಿಕೆಟ್ಟಿನಷ್ಟೇ ತಾನೇ’ ಎಂದು ಕಳಿಸಿಬಿಡುತ್ತಾರೆ. ಮರುವಾರ ಅದೇ ಬಾಗಿಲಿಗೆ ರಾಯಚೂರಿನ ಅತಿಥಿ ಉಪನ್ಯಾಸಕಿಯೊಬ್ಬಳು ತನ್ನ ಮೊದಲ ಕಥಾಸಂಕಲನ ಹಿಡಿದು ಬಂದಳೆನ್ನಿ. ಅವಳ ಮುಂದೆ ಇಡುವ ಲೆಕ್ಕವನ್ನು ರೂಢಿ ಮಾಡಿದವರಲ್ಲಿ ನಾವೂ ಇದ್ದೇವೆ. ಅವಳ ಕಥೆ ನಮ್ಮದಕ್ಕಿಂತ ಚೆನ್ನಾಗಿದ್ದಿರಬಹುದು.

ಸಿಡ್ನಿಯ ಗೆಳೆಯರೊಬ್ಬರು ಇದನ್ನು ಒಪ್ಪುವುದಿಲ್ಲ. ‘ಇದು ಸೇವೆ ಕಣ್ರೀ. ನಾವು ಹಾಕದಿದ್ದರೆ ಆ ಪುಸ್ತಕ ಬರುವುದೇ ಇಲ್ಲ, ಕನ್ನಡಕ್ಕೆ ಒಂದು ಪುಸ್ತಕ ಕಡಿಮೆ’ ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಹೊರನಾಡಿನ ಬದುಕನ್ನು ಬರೆಯುವವರೇ ಕಡಿಮೆ, ಕೊಳ್ಳುವವರು ಇನ್ನೂ ಕಡಿಮೆ. ಆದರೆ ಸೇವೆ ಮಾಡುವವರು ತಮ್ಮ ಪುಸ್ತಕಕ್ಕೇ ಏಕೆ ಹಣ ಹಾಕುತ್ತಾರೆ? ಅದೇ ಟಿಕೆಟ್ಟಿನ ಹಣವನ್ನು ರಾಯಚೂರಿನವಳ ಪುಸ್ತಕಕ್ಕೆ ಕೊಡಬಹುದಲ್ಲ ಎಂದೆ. ಗೆಳೆಯರು ನಕ್ಕು, ಚಹಾ ತರಲು ಎದ್ದರು.

ನನ್ನ ಹಸ್ತಪ್ರತಿಯೊಂದು ಈಗ ಸಿದ್ಧವಾಗಿದೆ. ಪ್ರಕಾಶಕರಿಗೆ ಬರೆದು ರಾಯಲ್ಟಿ ಎಷ್ಟು ಕೊಡುತ್ತೀರಿ ಎಂದು ಕೇಳಿದ್ದೇನೆ. ಏಳು ವಾರವಾಯಿತು, ಉತ್ತರವಿಲ್ಲ.