ಶೆಲ್ಲು ಯಾರದು?

ಪತ್ರಿಕೆ ಸುಳ್ಳು ಹೇಳುತ್ತದೆ ಎಂದು ಬಯ್ಯುವುದು ಸುಲಭ. ಒಂದೂ ಸುಳ್ಳು ಹೇಳದೆ ವ್ಯಾಕರಣದಲ್ಲೇ ಪಕ್ಷ ವಹಿಸುವುದಿದೆಯಲ್ಲ, ಅದನ್ನು ಹಿಡಿಯುವುದು ಕಷ್ಟ. ಒಬ್ಬರನ್ನು 'ಕೊಂದರು', ಇನ್ನೊಬ್ಬರು 'ಸತ್ತರು'. ಮೊದಲ ಮಾತಿನಲ್ಲಿ ಕೊಲೆಗಾರನಿದ್ದಾನೆ, ಎರಡನೆಯದರಲ್ಲಿ ಬರೀ ಹೆಣ.

ನಮಗೆ ಇದು ಹೊಸತಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಇಂಥ ಸುದ್ದಿಗೆಂದೇ ಒಂದು ಸಿದ್ಧ ತಲೆಬರಹ ಇದೆ: 'ಗುಂಪು ಘರ್ಷಣೆ'. ಬೆಂಕಿ ಇಟ್ಟವರೂ ಗುಂಪು, ಬೆಂದವರೂ ಗುಂಪು. ಇದಕ್ಕೆ ಸಮತೋಲನ ಅಂತಾರೆ!

ಯುದ್ಧದ ಸುದ್ದಿಯನ್ನೂ ಈ ಕಣ್ಣಿನಿಂದಲೇ ನೋಡಬೇಕು. 2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿಗೆ ನುಗ್ಗಿತು. ಮಾಸ್ಕೋ ಅದನ್ನು 'ವಿಶೇಷ ಸೇನಾ ಕಾರ್ಯಾಚರಣೆ' ಎಂದಿತು. ಸೇನೆಯ ಬಗ್ಗೆ 'ಸುಳ್ಳು' ಹಬ್ಬಿಸಿದರೆ 15 ವರ್ಷದವರೆಗೆ ಜೈಲು ಎಂದು ಕಾನೂನೂ ಮಾಡಿತು. ಈ ಕಡೆ ಕೀವ್‌ನಲ್ಲಿ ನಿಂತ ಅಮೆರಿಕದ ಟಿ.ವಿ. ವರದಿಗಾರನೊಬ್ಬ, ಇದು ಇರಾಕ್, ಅಫ್ಘಾನಿಸ್ತಾನದಂಥದಲ್ಲ, ತಕ್ಕಮಟ್ಟಿಗೆ ನಾಗರಿಕವಾದ ಊರು ಎಂದ. ಆಮೇಲೆ ಕ್ಷಮೆ ಕೇಳಿದ. ಕೇಳಲಿ, ಆದರೆ ಆ ಮಾತು ಅವನ ಬಾಯಿಗೆ ಬಂದದ್ದೆಲ್ಲಿಂದ? ಊರು-ಕೇರಿ ಭೂಪಟದಲ್ಲೂ ಇವೆ.

ತಡಸದಂಥ ಊರಿನ ಚಹಾದಂಗಡಿಯಲ್ಲಿ ಈ ಮಾತು ತೆಗೆದರೆ, "ನಮಗ್ಯಾಕ ಬೇಕ್ರಿ ಸರ ಆ ದೇಶದ ಉಸಾಬರಿ?" ಎನ್ನುವವರು ಇದ್ದೇ ಇರುತ್ತಾರೆ. ಬೇಕು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಸತ್ತ ವೈದ್ಯ ವಿದ್ಯಾರ್ಥಿ ನಮ್ಮ ಹಾವೇರಿ ಜಿಲ್ಲೆಯ ಚಳಗೇರಿಯವನು. ವಿದೇಶಾಂಗ ಇಲಾಖೆ ಅವನು 'ಶೆಲ್ ದಾಳಿಯಲ್ಲಿ' ಪ್ರಾಣ ಕಳೆದುಕೊಂಡ ಎಂದಿತು. ಶೆಲ್ಲು ಯಾರದು ಎನ್ನಲಿಲ್ಲ. ಮರುದಿನ ವಿಶ್ವಸಂಸ್ಥೆಯಲ್ಲಿ ರಷ್ಯಾದ ಆಕ್ರಮಣ ಖಂಡಿಸುವ ಗೊತ್ತುವಳಿ ಬಂದಾಗ ಭಾರತ ಮತ ಹಾಕದೆ ಕೂತಿತು. ಇಂಥ ಹೇಳಿಕೆಯನ್ನು ಪತ್ರಿಕೆ ಹಾಗ್ಹಾಗೇ ಅಚ್ಚು ಹಾಕಿದರೆ, ಆ ಶೆಲ್ಲು ಆಲಿಕಲ್ಲಿನ ಹಾಗೆ ಮುಗಿಲಿಂದ ಉದುರಿದ್ದಾಗುತ್ತದೆ.

ಹಳೆಯ ಸೋವಿಯತ್ ಮಮತೆಗೆ ಇದನ್ನು ನುಂಗಿಕೊಳ್ಳುವ ಗೆಳೆಯರು ನಮ್ಮಲ್ಲೂ ಇದ್ದಾರೆ. ಅಮೆರಿಕ 2003ರಲ್ಲಿ ಇರಾಕಿಗೆ ಮಾಡಿದ್ದನ್ನು ಅವರು ಮರೆತಿಲ್ಲ, ಮರೆಯಬಾರದು. ಆದರೆ ಒಬ್ಬ ದಣಿಯ ಪಾಪ ಇನ್ನೊಬ್ಬ ದಣಿಗೆ ಪುಣ್ಯವಾಗುವುದು ಹ್ಯಾಂಗ? 2023ರ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಕೊಲೆಯಾದ ಸುಮಾರು 1,200 ಜನರಿಗೆ ಹೆಸರು, ಮನೆ, ಫೋಟೋ ಸಿಕ್ಕವು. ಸಿಗಲೇಬೇಕು. ಗಾಜಾದ ಕೂಸಿನ ವಿಷಯ ಬಂದಾಗ ಮಾತ್ರ, ಲೆಕ್ಕ ಕೊಟ್ಟವರು ಯಾರು ಎಂಬ ಪ್ರಶ್ನೆ ಮೊದಲು ಬರುತ್ತದೆ.

ಹಳ್ಳಿ ಶಾಲೆಯ ಮಾಸ್ತರರು ಕರ್ತರಿ, ಕರ್ಮಣಿ ಪ್ರಯೋಗ ಕಲಿಸುತ್ತಲೇ ಇದ್ದಾರೆ. ರಾಮ, ಸೀತೆ, ಹಣ್ಣು ಬಿಟ್ಟು ಒಂದು ದಿನ ಪೇಪರನ್ನೇ ಹಲಗೆಗೆ ಅಂಟಿಸಲಿ. 'ಬಾಂಬು ಬಿದ್ದು ಹತ್ತು ಸಾವು.' ಕರ್ತೃ ಎಲ್ಲಿ ಅಂತ ಹುಡುಗರು ಕೇಳಲಿ.