ಬಾಗಿಲಲ್ಲಿ ನಿಂತ ಅಕ್ಷರ

ಒಂದು ವಸ್ತುವಿನ ಸಣ್ಣ ಭಾಗವನ್ನಷ್ಟೇ ನೋಡಿ ಇಡೀ ವಸ್ತು ಇಂಥದ್ದೇ ಎಂದು ಹೇಳುವ ಹಕ್ಕು ನಮಗಿದೆಯೇ? ಇದು ತರ್ಕಶಾಸ್ತ್ರದ ಪ್ರಶ್ನೆಯಂತೆ ಕಂಡರೂ ನಮ್ಮ ರಾಯಚೂರು ಸೀಮೆಯಲ್ಲಿ ಆಗಾಗ ಎದುರಾಗುವ ಪ್ರಶ್ನೆ. ದೇವದುರ್ಗದಲ್ಲಿ ಹಳೆಯ ಮನೆ ಬಿಚ್ಚುವಾಗಲೋ, ಮಾನ್ವಿಯ ಎರೆಹೊಲದಲ್ಲಿ ಕುಂಟೆ ಹೊಡೆಯುವಾಗಲೋ, ರಾಯಚೂರಿನ ಅಜ್ಜಿಯೊಬ್ಬರ ಸಂದೂಕದ ತಳದಲ್ಲೋ ಒಂದು ನಾಣ್ಯ ಸಿಗುತ್ತದೆ. ಮೊಬೈಲನ್ನು ತೀರಾ ಹತ್ತಿರ ಹಿಡಿದು ಫೋಟೋ ತೆಗೆಯುತ್ತಾರೆ. ಚಿತ್ರದಲ್ಲಿರುವುದು ಅರ್ಧ ಅಕ್ಷರ, ಒಂದು ಅಂಕಿ, ಮಿನಾರಿನ ತುದಿ. ಉರ್ದು ಬಲ್ಲವರೆಂದು ನಮಗೆ ತೋರಿಸಿ, ಇದು ಯಾರ ಕಾಲದ್ದು, ಎಷ್ಟು ಬಾಳುತ್ತದೆ ಎಂದು ಕೇಳುತ್ತಾರೆ.

ಮೊದಲ ಪ್ರಶ್ನೆಗೆ ಕೆಲವೊಮ್ಮೆ ಖಚಿತ ಉತ್ತರವಿರುತ್ತದೆ. 1956ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಬೆಳ್ಳಿ ರೂಪಾಯಿ ನಮ್ಮ ಹಿರಿಯರ ಕೈಯಲ್ಲಿ ಓಡಾಡಿದ ನಾಣ್ಯ. ಇಪ್ಪತ್ತನೆಯ ಶತಮಾನದ ಆರಂಭದಿಂದ ಅದರ ಮೇಲೆ ಚಾರ್‌ಮಿನಾರ್ ಬಂತು. ಆ ಚಾರ್‌ಮಿನಾರಿನ ಬಾಗಿಲಲ್ಲಿ ಒಂದು ಅಕ್ಷರ ನಿಂತಿರುತ್ತದೆ. 'ಮೀಮ್' ಇದ್ದರೆ ಅದು ಮೀರ್ ಮಹಬೂಬ್ ಅಲಿ ಖಾನರದ್ದು. 'ಐನ್' ಇದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಮೀರ್ ಉಸ್ಮಾನ್ ಅಲಿ ಖಾನರದ್ದು. ಉರ್ದುವಿನಲ್ಲಿ ಉಸ್ಮಾನ್ ಎಂಬ ಹೆಸರು ಐನ್‌ನಿಂದಲೇ ಆರಂಭವಾಗುತ್ತದೆ. ಉಸ್ಮಾನ್ ಅಲಿಯವರ ಮೊದಮೊದಲ ನಾಣ್ಯಗಳಲ್ಲಿ ಈ ಐನ್ ಅರ್ಧವಷ್ಟೇ ಇದೆ, ನಂತರದವುಗಳಲ್ಲಿ ಪೂರ್ಣವಾಗಿದೆ. ಎಳ್ಳುಕಾಳಿನಷ್ಟು ಅಕ್ಷರ ಒಬ್ಬ ದೊರೆಯ ಹೆಸರನ್ನೂ ಅವನ ಆಳ್ವಿಕೆಯ ಆರಂಭವನ್ನೂ ಹೇಳಿಬಿಡುತ್ತದೆ.

ಆದರೆ ಎಲ್ಲ ಗುರುತುಗಳಿಗೂ ಇಷ್ಟು ಶಕ್ತಿಯಿಲ್ಲ. ಅದೇ ನಾಣ್ಯದಲ್ಲಿ 92 ಎಂಬ ಅಂಕಿಯಿದೆ. ಅದು ಇಸವಿಯಲ್ಲ, ಬೆಲೆಯೂ ಅಲ್ಲ. ಅಬ್ಜದ್ ಲೆಕ್ಕದಲ್ಲಿ 'ಮುಹಮ್ಮದ್' ಎಂಬ ಹೆಸರಿನ ಅಕ್ಷರಗಳ ಮೊತ್ತ: 40, 8, 40 ಮತ್ತು 4. ಒಬ್ಬರಿಗಿಂತ ಹೆಚ್ಚು ನಿಜಾಮರ ನಾಣ್ಯಗಳಲ್ಲಿ ಇದು ಬರುವುದರಿಂದ, ಚಿತ್ರದಲ್ಲಿ 92 ಮಾತ್ರ ಕಂಡರೆ ರಾಜ್ಯವನ್ನು ಹೇಳಬಹುದೇ ಹೊರತು ರಾಜನನ್ನಲ್ಲ. ಅಲ್ಲಿಗೆ ನಿಲ್ಲುವುದೇ ಪ್ರಾಮಾಣಿಕತೆ.

ಇನ್ನು ಕೆಲವು ಸಂಗತಿಗಳನ್ನು ಯಾವ ಫೋಟೋವೂ ಹೇಳಲಾರದು. ನಿಜಾಮರ ರೂಪಾಯಿಗೆ 'ಹಾಲಿ ಸಿಕ್ಕಾ' ಎಂದೂ ಬ್ರಿಟಿಷರ ರೂಪಾಯಿಗೆ 'ಕಲ್ದಾರ್' ಎಂದೂ ಹೆಸರಿತ್ತು. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ಕಾರಣ ಬೆಳ್ಳಿಯಲ್ಲಿದೆ. ಹಾಲಿಯ ತೂಕ 11.18 ಗ್ರಾಂ, ಅದರಲ್ಲಿ ನೂರಕ್ಕೆ 81.8 ಪಾಲು ಬೆಳ್ಳಿ. ಕಲ್ದಾರಿನ ತೂಕ 11.66 ಗ್ರಾಂ, ಬೆಳ್ಳಿ 91.7 ಪಾಲು. ಇದನ್ನು ಕಣ್ಣು ಕಾಣದು. ಹಳೆಯ ಚಿನಿವಾರರು ನಾಣ್ಯವನ್ನು ತೂಗಿ, ಕಲ್ಲಿನ ಮೇಲೆ ಕುಟ್ಟಿ ಅದರ ನಾದ ಕೇಳುತ್ತಿದ್ದುದು ಇದಕ್ಕಾಗಿಯೇ. ಖೋಟಾ ನಾಣ್ಯ ಮಾಡುವವನು ಮೊದಲು ಕಲಿಯುವುದು ಅಕ್ಷರವನ್ನು ನಕಲು ಮಾಡುವುದನ್ನು.

ಗುರುತಿಸುವಿಕೆ ಇಲ್ಲಿ ನೀತಿಯ ಪ್ರಶ್ನೆಯಾಗುತ್ತದೆ. ನಾಣ್ಯದ ಮೇಲಿನ 1330 ಹಿಜರಿ ವರ್ಷ, ಅಂದರೆ ಹೆಚ್ಚುಕಡಿಮೆ 1912. ಅದನ್ನು ಕ್ರಿಸ್ತಶಕವೆಂದು ಓದಿದರೆ ನಾಣ್ಯ ಬಹಮನಿ ಸುಲ್ತಾನರಿಗಿಂತಲೂ ಹಳೆಯದಾಗುತ್ತದೆ! ಹಾಗೆ ಓದಿಸಿ ಮಾರುವವರಿಗೆ ಆ ಸುಳ್ಳಿನಿಂದ ಲಾಭವಿದೆ. ಹಳೆಯ ನಾಣ್ಯ, ನೋಟುಗಳ ವ್ಯವಹಾರದಲ್ಲಿ ತನ್ನ ಹೆಸರು ಹೇಳಿ ಶುಲ್ಕ, ಕಮಿಷನ್ ಕೇಳುವವರಿದ್ದಾರೆ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಬೇಕಾಯಿತು. ಮೋಸ ಹೋಗುವವರು ಹೆಚ್ಚಾಗಿ ಹಣದ ತೀರಾ ಅಗತ್ಯ ಇದ್ದವರೇ.

ಇನ್ನೊಂದು ಅಪಾಯ ಒಂದೇ ಮಗ್ಗುಲನ್ನು ನೋಡುವುದು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದ. ಇಕ್ಕೇರಿ ನಾಯಕರ ವರಹದ ಮೇಲಿದ್ದ ಶಿವ ಪಾರ್ವತಿಯರನ್ನು ತನ್ನ ವರಹದಲ್ಲೂ ಹಾಗೆಯೇ ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರ 'ಹೇ' ಒತ್ತಿಸಿದ. ಜನ ನಂಬಿದ ನಾಣ್ಯ ಮುಂದೆಯೂ ನಡೆಯಲಿ ಎಂಬುದು ವ್ಯವಹಾರದ ವಿವೇಕ. ಈ ವರಹದ ಒಂದೇ ಮಗ್ಗುಲಿನ ಚಿತ್ರ ಕಳಿಸಿದರೆ ಒಬ್ಬ ಇದು ಹಿಂದೂ ದೊರೆಯದ್ದೆಂದಾನು, ಇನ್ನೊಂದು ಮಗ್ಗುಲು ಕಂಡವನು ಸುಲ್ತಾನನದ್ದೆಂದಾನು. ಕಂಡದ್ದು ಇಬ್ಬರಿಗೂ ನಿಜವೇ. ತಪ್ಪಿದ್ದು ತೀರ್ಪಿನಲ್ಲಿ.

ದಾರಿಯಲ್ಲಿ ಸಿಕ್ಕ ಹಣದ ಬಗ್ಗೆ ಪ್ರವಾದಿಯವರ ಸೂಚನೆಯೊಂದು ಹದೀಸ್ ಗ್ರಂಥಗಳಲ್ಲಿದೆ. ಅದರ ಚೀಲವನ್ನೂ ಕಟ್ಟಿದ ದಾರವನ್ನೂ ಚೆನ್ನಾಗಿ ಗುರುತಿಟ್ಟುಕೊಂಡು ಒಂದು ವರ್ಷ ಸಾರಬೇಕು. ಇಲ್ಲಿ ಗುರುತು ಹಿಡಿಯುವುದು ಸಿಕ್ಕವನ ಲಾಭಕ್ಕಲ್ಲ, ವಸ್ತು ಅದರ ಒಡೆಯನನ್ನು ಸೇರಲಿ ಎಂಬುದಕ್ಕೆ. ಗುರುತು ಎಂಬುದು ಅಮಾನತ್ತು. ಅದು ನೋಡುವವನ ಸ್ವತ್ತಲ್ಲ.

ನಾಣ್ಯದ ವಿಷಯದಲ್ಲಿ ಇಷ್ಟು ಎಚ್ಚರ ಬೇಕಾದರೆ ಮನುಷ್ಯನ ವಿಷಯದಲ್ಲಿ ಎಷ್ಟು ಬೇಕು? ಒಂದು ಟೋಪಿ, ಒಂದು ಕುಂಕುಮ, ಮಾತಿನ ಒಂದು ತುಣುಕು, ಕತ್ತರಿಸಿದ ಒಂದು ವಿಡಿಯೋ ಸಾಕು, ನಾವು ಇಡೀ ಮನುಷ್ಯನನ್ನು ತೂಗಿಬಿಡುತ್ತೇವೆ. ಈ ರೋಗ ಯಾವ ಒಂದು ಸಮುದಾಯದ್ದೂ ಅಲ್ಲ. ಬಾಡಿಗೆ ಮನೆ ಕೇಳಲು ಬಂದವನ ಹೆಸರು ಕಿವಿಗೆ ಬೀಳುತ್ತಲೇ ಮನೆ ಖಾಲಿಯಿಲ್ಲ ಎನ್ನುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಹೆಸರು ಅವನು ಯಾವ ಮನೆಯಲ್ಲಿ ಹುಟ್ಟಿದನೆಂಬುದನ್ನು ಹೇಳೀತು. ಬಾಡಿಗೆಯನ್ನು ಹೊತ್ತಿಗೆ ಸರಿಯಾಗಿ ಕೊಡುವವನೇ, ನೆರೆಮನೆಯ ಕಷ್ಟಕ್ಕೆ ಆಗುವವನೇ ಎಂಬುದನ್ನು ಹೇಳದು. ಅದು ತಿಳಿಯಬೇಕಾದರೆ ಬಾಗಿಲಲ್ಲಿ ನಿಂತವನನ್ನು ಮೊದಲು ಒಳಗೆ ಕರೆದು ಕೂರಿಸಬೇಕು.