ತಿದ್ದುವ ತಂದೆ

ಇಬ್ರಿಯರಿಗೆ 12ನೇ ಅಧ್ಯಾಯ, 5ರಿಂದ 11ನೇ ವಚನ ಓದಿದೆವು. ತಂದೆ ತಾನು ಪ್ರೀತಿಸುವ ಮಗನನ್ನೇ ಶಿಕ್ಷಿಸುತ್ತಾನೆ.

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೀತಾರಲ್ಲ. (ಸಭೆಯಲ್ಲಿ ಹೊಗೆಸೊಪ್ಪಿನ ಮಾತ್ಯಾಕೆ ಪಾಸ್ಟರೇ ಅನ್ನಬೇಡಿ, ಕೂಲಿಗೆ ಹೋದವರು ಇಲ್ಲೇ ಇದ್ದೀರಿ!) ಗಿಡ ಹೂವಿಗೆ ಬಂದ ಕೂಡಲೇ ಕುಡಿ ಮುರೀತಾರೆ. ಯಾಕೆ? ಸತ್ವ ಎಲೆಗೆ ಇಳೀಲಿ, ತೂಕ ಬರಲಿ ಅಂತ. ಬೇಲಿಯಾಚೆಯ ಕಳೆಯ ಕುಡಿ ಯಾರೂ ಮುಟ್ಟಲ್ಲ.

ನನ್ನದೇ ಹೇಳ್ತೀನಿ. ಒಬ್ಬ ಸಹೋದರರ ಹತ್ತಿರ ಸಾಲ ತಗೊಂಡು, ಕೊಡುವ ದಿನ ಸುಳ್ಳು ಹೇಳಿದೆ. ಆಮೇಲೆ ಮೊಣಕಾಲೂರಿದರೂ ಪ್ರಾರ್ಥನೆ ಬರಲಿಲ್ಲ. ಮೂರು ವಾರ ಇಲ್ಲಿ ನಿಂತು ಒಣಮಾತು ಆಡಿದೆ. ಕೊನೆಗೆ ಅವರ ಮನೆಗೆ ಹೋಗಿ, ಹೆಂಡ್ತಿ ಮಕ್ಕಳ ಮುಂದೆಯೇ ತಪ್ಪೊಪ್ಪಿಕೊಂಡೆ. ತಲೆ ಎತ್ತೋಕಾಗಲಿಲ್ಲ. ಆ ರಾತ್ರಿ 'ಅಪ್ಪಾ' ಅಂದಾಗ ಅಳು ಬಂತು, ಪ್ರಾರ್ಥನೆಯೂ ಬಂತು. ಸ್ತೋತ್ರ!

ಆದರೆ ಕಾಯಿಲೆಯವರ ಮನೆಗೆ ಹೋಗಿ "ದೇವರು ಶಿಕ್ಷಿಸ್ತಿದ್ದಾನೆ" ಅನ್ನಬೇಡಿ. ಯೋಬನ ಸ್ನೇಹಿತರು ಹಾಗೇ ಮಾತಾಡಿ ದೇವರ ಕೋಪಕ್ಕೆ ಗುರಿಯಾದರು. ನಿಮ್ಮ ಕುಡಿ ಎಲ್ಲಿ ಮುರಿದಿದೆ ಅಂತ ನಿಮಗೇ ಗೊತ್ತು. ಎದ್ದು ನಿಲ್ಲೋಣ, ಕಣ್ಣು ಮುಚ್ಚಿ ಪ್ರಾರ್ಥಿಸೋಣ.